ಮಗಳ ಹತ್ತನೇ ಕ್ಲಾಸಿನ ಇಂಗ್ಲಿಷ್, ನನ್ನ ಕನ್ನಡ ಶಾಲೆಯ ವ್ಯಾಕರಣ

ದೀಪಾವಳಿ ರಜೆ ಮುಗಿದ ಮೇಲೆ ಮೊದಲ ಶನಿವಾರ ಶಾಲೆಯಲ್ಲಿ ಓಪನ್ ಡೇ ಇತ್ತು. ಮಗಳ ಮೊದಲ ಟರ್ಮಿನ ಇಂಗ್ಲಿಷ್ ಪೇಪರ್ ನನ್ನ ಕೈಗೆ ಸಿಕ್ಕಿದ್ದು ಅಲ್ಲೇ. ವ್ಯಾಕರಣದ ಪ್ರಶ್ನೆಗೆ 10ರಲ್ಲಿ 4 ಬಂದಿತ್ತು, ಪದ್ಯಕ್ಕೆ 10ರಲ್ಲಿ 5. ಅವಳ ಟೀಚರ್ ಒಳ್ಳೆಯವರು. "ಇವಳು ಕ್ಲಾಸಲ್ಲಿ ಚೆನ್ನಾಗಿ ಮಾತಾಡ್ತಾಳೆ. ಬರೆಯುವಾಗ ಯಾಕೆ ಹೀಗಾಗುತ್ತೋ ನೋಡಿ" ಅಂತ ಹಿಂದಿಯಲ್ಲಿ ಹೇಳಿದರು.

ನಮ್ಮ ಮನೆ ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ. ಶೇರ್ ರಿಕ್ಷಾದಲ್ಲಿ ವಾಪಸ್ ಬರುವಾಗ ಅವಳು ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವಾಗ, "ಅಮ್ಮ, ನೀನು ಬಿಡು. ನಾನು ಟ್ಯೂಷನ್ ಕ್ಲಾಸಿನ ಸರ್ ಹತ್ರ ಕೇಳ್ತೇನೆ. ನಿಂದು ಕನ್ನಡ ಮೀಡಿಯಂ ಅಲ್ವಾ" ಅಂದಳು. ನೋಯಿಸಬೇಕು ಅಂತ ಹೇಳಿದ್ದಲ್ಲ. ಆದರೂ ನನಗೆ ನೋವಾಯಿತು.

ನಾನು ಕುಂದಾಪುರದ ಕಡೆಯವಳು. 1994ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದೆ. ಆಗ ನಮಗೆ ಐದನೇ ಕ್ಲಾಸಿನಲ್ಲಿ ಎಬಿಸಿಡಿ ಶುರು. ಇಂಗ್ಲಿಷ್ ಮಾತಾಡಲು ನನಗೆ ಇವತ್ತಿಗೂ ಧೈರ್ಯ ಸಾಲದು. ಆದರೆ ನಮ್ಮ ಮೇಷ್ಟ್ರು ವ್ಯಾಕರಣವನ್ನು ಅಚ್ಚುಕಟ್ಟಾಗಿ ಕಲಿಸಿದ್ದರು. ಕನ್ನಡದ ವಿಭಕ್ತಿ, ಸಮಾಸ, ಛಂದಸ್ಸು, ಅಲಂಕಾರ ಕಲಿತ ಬೆಂಚಿನಲ್ಲೇ ಕೂತು ಇಂಗ್ಲಿಷಿನ ಟೆನ್ಸ್, ವಾಯ್ಸ್ ಕಲಿತವರು ನಾವು. ಅವಳದ್ದು ಬೇರೆ ದಾರಿ. ಶಾಲೆಯಲ್ಲಿ ಇಂಗ್ಲಿಷ್, ಮರಾಠಿ, ಹಿಂದಿ, ಮನೆಯಲ್ಲಿ ಕುಂದಾಪುರ ಕನ್ನಡ. ಕನ್ನಡವನ್ನು ಬಾಯಲ್ಲಿ ಆಡುತ್ತಾಳೆ, ಅದರ ವ್ಯಾಕರಣ ಯಾರೂ ಹೇಳಿಕೊಟ್ಟಿಲ್ಲ.

ಆ ರಾತ್ರಿ ಪಾತ್ರೆ ತೊಳೆದಿಟ್ಟು, ಪೇಪರ್ ಬಿಚ್ಚಿಕೊಂಡು ಕೂತೆ. ಕೆಂಪು ಗೆರೆ ಬಿದ್ದ ಕಡೆಯೆಲ್ಲ ಓದಿದೆ. ಮೊದಲ ಸಲ ಓದಿದಾಗ ಬರೀ ತಪ್ಪುಗಳು ಕಂಡವು. ಎರಡನೇ ಸಲ ಓದಿದಾಗ ಒಂದು ಸಂಗತಿ ಹೊಳೆಯಿತು. ಅವಳು ತಪ್ಪಿದ ಜಾಗಗಳೆಲ್ಲ ಕನ್ನಡ ಒಂದು ಕಡೆ, ಇಂಗ್ಲಿಷ್ ಇನ್ನೊಂದು ಕಡೆ ತಿರುಗುವ ಜಾಗಗಳೇ. ಉಳಿದ ಕಡೆ ಸರಿಯಾಗೇ ಬರೆದಿದ್ದಳು.

ಒಂದು ವಾಕ್ಯ ಹೀಗಿತ್ತು: "ಐ ಆಮ್ ಲಿವಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್." ಕನ್ನಡದಲ್ಲಿ ಹೇಳಿ ನೋಡಿ. "ನಾನು ಹತ್ತು ವರ್ಷದಿಂದ ಇಲ್ಲೇ ಇದ್ದೇನೆ." ಏನೂ ತಪ್ಪಿಲ್ಲ. ನಮಗೆ "ಹತ್ತು ವರ್ಷದಿಂದ" ಅನ್ನಲೂ "ಇಂದ" ಸಾಕು, "ಸೋಮವಾರದಿಂದ" ಅನ್ನಲೂ "ಇಂದ" ಸಾಕು. ಇಂಗ್ಲಿಷಿನಲ್ಲಿ ಅದು ಎರಡಾಗಿ ಒಡೆಯುತ್ತದೆ. ಎಷ್ಟು ಕಾಲದಿಂದ ಅಂತ ಕೇಳಿದರೆ ಫಾರ್, ಯಾವಾಗಿನಿಂದ ಅಂತ ಕೇಳಿದರೆ ಸಿನ್ಸ್. ಇನ್ನೊಂದು, ನಮ್ಮ "ಇದ್ದೇನೆ" ವರ್ತಮಾನ ಕಾಲ. ಅಲ್ಲಿ ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವ ಕೆಲಸಕ್ಕೆ "ಹ್ಯಾವ್ ಬೀನ್ ಲಿವಿಂಗ್" ಬೇಕು. ಅಂದರೆ ಒಂದೇ ವಾಕ್ಯದಲ್ಲಿ ಎರಡು ತಿರುವು. ಹುಡುಗಿ ಎರಡರಲ್ಲೂ ಕನ್ನಡದ ದಾರಿ ಹಿಡಿದಿದ್ದಳು.

ಮರುದಿನ ಭಾನುವಾರ. ಅವಳು ತಿಂಡಿ ತಿನ್ನುವಾಗ ಅದೊಂದನ್ನೇ ತೋರಿಸಿದೆ. ದೋಸೆ ಕೈಯಲ್ಲಿ ಹಿಡಿದು ವಾಕ್ಯವನ್ನು ಕನ್ನಡದಲ್ಲಿ ಒಂದು ಸಲ, ಇಂಗ್ಲಿಷಿನಲ್ಲಿ ಒಂದು ಸಲ ಹೇಳಿಕೊಂಡಳು. "ಹೌದಲ್ಲಾ ಅಮ್ಮ!" ಅಂದಳು. ಅವತ್ತಿನಿಂದ ಫೆಬ್ರವರಿವರೆಗೆ ದಿನಾ ಸಂಜೆ ಏಳೂವರೆಯಿಂದ ಎಂಟೂವರೆವರೆಗೆ ನಾವಿಬ್ಬರೂ ಅಡುಗೆಮನೆಯಲ್ಲಿ ಕೂತೆವು. ಇವರು ಅಂಧೇರಿಯಿಂದ ಮನೆಗೆ ಮುಟ್ಟುವಾಗ ಒಂಬತ್ತಾಗುತ್ತದೆ. ಅಷ್ಟರೊಳಗೆ ಸಾರು ಕುದಿಯಬೇಕು, ನಾಲ್ಕು ವಾಕ್ಯ ಮುಗಿಯಬೇಕು. ದಿನಕ್ಕೆ ನಾಲ್ಕೇ. ಜಾಸ್ತಿ ಮಾಡಲಿಲ್ಲ.

ನಮ್ಮ ಕ್ರಮ ಸುಲಭದ್ದು. ಪ್ರಶ್ನೆಯ ವಾಕ್ಯವನ್ನು ಅವಳು ಮೊದಲು ಮನೆಯ ಕನ್ನಡದಲ್ಲಿ ಹೇಳಬೇಕು. ಎಲ್ಲಿ ಎರಡು ಭಾಷೆ ಬೇರೆಯಾಗುತ್ತವೆ ಅಂತ ಹುಡುಕಬೇಕು. ಆಮೇಲೆ ಉತ್ತರ. ನಿಯಮ ಕೊನೆಗೆ, ಅದೂ ಅವಳೇ ಬರೆಯಬೇಕು. ಹಳೆಯ 200 ಪುಟದ ನೋಟ್‌ಬುಕ್ಕಿನ ಎಡ ಪುಟದಲ್ಲಿ ಕನ್ನಡ ವಾಕ್ಯ, ಬಲ ಪುಟದಲ್ಲಿ ಇಂಗ್ಲಿಷ್. ಕನ್ನಡ ಅಕ್ಷರ ಅವಳಿಗೆ ನಿಧಾನ. ಆದರೂ ಬರೆದಳು.

ಕ್ವೆಶ್ಚನ್ ಟ್ಯಾಗ್ ಬೇಗ ಮುಗಿಯಿತು. ನಮಗೆ ಎಲ್ಲದಕ್ಕೂ ಒಂದೇ "ಅಲ್ವಾ". ನಿನಗೆ ಚಹಾ ಇಷ್ಟ ಅಲ್ವಾ, ಅವನು ಬರಲ್ಲ ಅಲ್ವಾ, ನಾವು ಹೋಗಿದ್ವಿ ಅಲ್ವಾ. ಅದಕ್ಕೇ ಅವಳು ಎಲ್ಲ ವಾಕ್ಯದ ಬಾಲಕ್ಕೂ "ಈಸಂಟ್ ಇಟ್" ಅಂಟಿಸುತ್ತಿದ್ದಳು. ಇಂಗ್ಲಿಷಿನಲ್ಲಿ ವಾಕ್ಯದಲ್ಲಿ ಮೊದಲು ಬಂದ ಸಹಾಯಕ ಕ್ರಿಯಾಪದವೇ ಬಾಲದಲ್ಲೂ ಬರಬೇಕು, ಹೌದಿದ್ದರೆ ಇಲ್ಲ ಆಗಬೇಕು, ಇಲ್ಲ ಇದ್ದರೆ ಹೌದು ಆಗಬೇಕು. "ಹಿ ವೋಂಟ್ ಕಮ್, ವಿಲ್ ಹಿ?" ಎರಡು ಸಂಜೆಗೆ ಕೈಗೆ ಬಂತು.

ಹೆಚ್ಚು ದಿನ ತಿಂದದ್ದು ರಿಪೋರ್ಟೆಡ್ ಸ್ಪೀಚ್, ಅಂದರೆ ಇನ್ನೊಬ್ಬರ ಮಾತನ್ನು ನಮ್ಮ ಮಾತಿನಲ್ಲಿ ಹೇಳುವುದು. ಅವಳ ಕ್ಲಾಸಿನವರು ಕೊಟ್ಟ ಪಟ್ಟಿಯಲ್ಲಿ ನೌ ಇದ್ದರೆ ದೆನ್, ಹಿಯರ್ ಇದ್ದರೆ ದೇರ್, ಟುಮಾರೋ ಇದ್ದರೆ ದ ನೆಕ್ಸ್ಟ್ ಡೇ ಅಂತ ಎರಡು ಕಾಲಂ ಇತ್ತು. ಪಟ್ಟಿ ಸರಿಯಾಗೇ ಇತ್ತು. ಅವಳಿಗೆ ಬಾಯಿಪಾಠವೂ ಇತ್ತು. ಪರೀಕ್ಷೆಯಲ್ಲಿ ಮಾತ್ರ ಒಂದನ್ನು ಬದಲಿಸಿದರೆ ಇನ್ನೊಂದು ಮರೆಯುತ್ತಿತ್ತು. ಯಾಕೆ ಬದಲಿಸಬೇಕು ಅಂತ ಪಟ್ಟಿ ಹೇಳುವುದಿಲ್ಲವಲ್ಲ.

ದಾರಿ ಸಿಕ್ಕಿದ್ದು ಊರಿಂದ ಬಂದ ಫೋನಿನಲ್ಲಿ. ನನ್ನ ಅಮ್ಮ ಸಂಜೆ ಫೋನ್ ಮಾಡಿ ನನ್ನ ತಂಗಿಯ ಸುದ್ದಿ ಹೇಳುತ್ತಿದ್ದರು. "ಅವಳು ಮೊನ್ನೆ ಮನೆಗೆ ಬಂದವಳು, ನಾನು ನಾಳೆಯೂ ಇಲ್ಲಿಗೆ ಬರ್ತೇನೆ ಅಂದಳು, ಬರಲೇ ಇಲ್ಲ" ಅಂದರು. ಸ್ಪೀಕರ್ ಹಾಕಿದ್ದೆ. ಮಗಳೂ ಕೇಳುತ್ತಿದ್ದಳು. ಫೋನ್ ಇಟ್ಟ ಮೇಲೆ ಕೇಳಿದೆ: "ಅಜ್ಜಿ ನಾನು ಅಂದರಲ್ಲ, ಆ ನಾನು ಯಾರು?"

"ಚಿಕ್ಕಿ."

"ಮಾತಾಡಿದ್ದು?"

"ಅಜ್ಜಿ."

"ಮತ್ತೆ ಅಜ್ಜಿ ಯಾಕೆ ನಾನು ಅಂದರು?"

ಅವಳು ಸ್ವಲ್ಪ ಹೊತ್ತು ಸುಮ್ಮನಾದಳು. "ಚಿಕ್ಕಿ ಹೇಳಿದ ಹಾಗೇ ಹೇಳಿದ್ರು" ಅಂದಳು. ಅದೇ ವಿಷಯ. ಕನ್ನಡದಲ್ಲಿ ಇನ್ನೊಬ್ಬರ ಮಾತು ಹೇಳುವಾಗ ನಾವು ಅವರ ವೇಷ ಹಾಕಿಕೊಳ್ಳುತ್ತೇವೆ. ಅವರ "ನಾನು", ಅವರ "ನಾಳೆ", ಅವರ "ಇಲ್ಲಿ" ಎಲ್ಲ ಹಾಗೇ ಉಳಿಯುತ್ತವೆ. ಕೊನೆಯಲ್ಲಿ "ಅಂದಳು" ಅಂತ ವೇಷ ಕಳಚುತ್ತೇವೆ. ಇಂಗ್ಲಿಷಿನ ರಿಪೋರ್ಟೆಡ್ ಸ್ಪೀಚಿನಲ್ಲಿ ವೇಷ ಹಾಕುವ ಹಾಗಿಲ್ಲ. ಯಕ್ಷಗಾನದ ಭಾಗವತರ ಹಾಗೆ ರಂಗದ ಹಿಂದೆ ತಮ್ಮ ಜಾಗದಲ್ಲೇ ಕೂತು ಕತೆ ಹೇಳಬೇಕು. ಭಾಗವತರು ಕೂತ ಜಾಗದಿಂದ ನೋಡಿದರೆ ಚಿಕ್ಕಿ "ಅವಳು". ಅವಳ "ನಾಳೆ" ನಮಗೆ ಆಗಲೇ ಕಳೆದುಹೋದ ದಿನ. ಅವಳ "ಇಲ್ಲಿ" ಡೊಂಬಿವಲಿಯಲ್ಲಿ ಕೂತ ನಮಗೆ "ಅಲ್ಲಿ". ಹಾಗಾಗಿ ಐ ಹೋಗಿ ಶಿ, ವಿಲ್ ಹೋಗಿ ವುಡ್, ಹಿಯರ್ ಹೋಗಿ ದೇರ್, ಟುಮಾರೋ ಹೋಗಿ ದ ನೆಕ್ಸ್ಟ್ ಡೇ. ನಾಲ್ಕೂ ಬದಲಾವಣೆಗೆ ಕಾರಣ ಒಂದೇ. ಅದು ಗೊತ್ತಾದ ಮೇಲೆ ಪಟ್ಟಿ ಬೇಕಾಗಲಿಲ್ಲ.

ಒಂದು ವಾರ ಮನೆಯಲ್ಲಿ ಯಾರು ಏನು ಹೇಳಿದರೂ ಅವಳು ಅದನ್ನು ಭಾಗವತರ ಜಾಗದಿಂದ ತಿರುಗಿಸಿ ಹೇಳುತ್ತಿದ್ದಳು. ಪ್ರಶ್ನೆಗಳು ಬಂದಾಗ ಕನ್ನಡವೇ ನೆರವಿಗೆ ಬಂತು. "ಬರುತ್ತಾನೋ ಇಲ್ಲವೋ ಅಂತ ಕೇಳಿದ" ಅನ್ನುವ ಆ "ಓ" ಇದೆಯಲ್ಲ, ಅದೇ ವೆದರ್. "ಎಲ್ಲಿಗೆ" ಅಂತ ಕೇಳಿದ್ದರೆ ವೇರ್ ಹಾಗೇ ಉಳಿಯುತ್ತದೆ, ಆದರೆ ಮೊದಲು ಕರ್ತೃ, ಆಮೇಲೆ ಕ್ರಿಯಾಪದ. "ಹಿ ಆಸ್ಕ್ಡ್ ಮಿ ವೇರ್ ಐ ವಾಸ್ ಗೋಯಿಂಗ್." ಕೊನೆಗೆ ಪ್ರಶ್ನೆ ಗುರುತು ಇಲ್ಲ. ಭೂಮಿ ಸೂರ್ಯನನ್ನು ಸುತ್ತುತ್ತದೆ ಅನ್ನುವಂಥ ಎಂದಿಗೂ ನಿಜವಾದ ಮಾತಾದರೆ ಕಾಲ ಬದಲಿಸಬೇಕಿಲ್ಲ. ಯಾವ ಜಾಗದಿಂದ ನೋಡಿದರೂ ಅದು ಹಾಗೇ ಇರುತ್ತದೆ ಅಂತ ಅವಳೇ ಹೇಳಿದಳು. ಆ ಮಾತು ಕೇಳಿ ನನಗೆ ಎಷ್ಟು ಸಂತೋಷವಾಯಿತು ಅಂದರೆ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಮರೆತೇಹೋಯಿತು.

ಪ್ಯಾಸಿವ್ ವಾಯ್ಸಿಗೆ, ಅಂದರೆ ಕರ್ಮಣಿ ಪ್ರಯೋಗಕ್ಕೆ, ನಮ್ಮ ಮೇಷ್ಟ್ರ ಒಂದು ಪ್ರಶ್ನೆ ಸಾಕಾಯಿತು. ಕ್ರಿಯಾಪದಕ್ಕೆ "ಏನನ್ನು, ಯಾರನ್ನು" ಅಂತ ಕೇಳು. ಉತ್ತರ ಬಂದರೆ ಸಕರ್ಮಕ, ಬದಲಿಸಬಹುದು. "ಮಲಗಿದ" ಅನ್ನುವುದಕ್ಕೆ ಏನನ್ನು ಅಂತ ಕೇಳಿದರೆ ಉತ್ತರ ಬರಲ್ಲ, ಅದನ್ನು ಬದಲಿಸುವ ಹಾಗಿಲ್ಲ. "ಕೊಲ್ಲಲ್ಪಟ್ಟನು" ಅಂತ ನಾವು ಯಾರೂ ಮನೆಯಲ್ಲಿ ಮಾತಾಡುವುದಿಲ್ಲ. ನಾವು "ಗಾಜು ಒಡೆದುಹೋಯ್ತು" ಅನ್ನುತ್ತೇವೆ, ಯಾರು ಒಡೆದರು ಅಂತ ಹೇಳುವುದಿಲ್ಲ. ಇಂಗ್ಲಿಷಿನವರು ಪ್ಯಾಸಿವ್ ಬಳಸುವುದೂ ಹೆಚ್ಚಾಗಿ ಅಂಥ ಕಡೆಯೇ. ಮಾಡಿದವರು ಗೊತ್ತಿಲ್ಲದಾಗ, ಅಥವಾ ಹೇಳಬೇಕಿಲ್ಲದಾಗ.

ಎ, ಆನ್, ದ ಅನ್ನುವ ಆರ್ಟಿಕಲ್ಸ್ ಬಂದಾಗ ನಾನು ತಡವರಿಸಿದೆ. ಕನ್ನಡದಲ್ಲಿ ಅದು ಇಲ್ಲವೇ ಇಲ್ಲ. ಅಲ್ಲಿ ಅವಳ ಕಿವಿ ನನಗಿಂತ ಚುರುಕು. "ಆನ್ ಅವರ್" ಅಂತ ಯೋಚನೆಯಿಲ್ಲದೆ ಹೇಳುತ್ತಾಳೆ. ಬರೆಯುವಾಗ ಮಾತ್ರ ಎಚ್ ಅಕ್ಷರ ನೋಡಿ ಗೊಂದಲ. ವವೆಲ್ ಇದ್ದರೆ ಆನ್ ಅಂತ ಕಲಿತಿದ್ದಾಳೆ, ಹಾಗಾಗಿ ಯೂನಿವರ್ಸಿಟಿಗೂ ಆನ್ ಹಾಕಿದ್ದಳು. ಆಗ ನನಗೆ ಒಂದು ಉಪಾಯ ತೋಚಿತು. "ಆ ಶಬ್ದವನ್ನು ಕನ್ನಡದಲ್ಲಿ ಬರಿ" ಅಂದೆ. ಯೂನಿವರ್ಸಿಟಿ ಅಂತ ಬರೆದಳು. ಮೊದಲ ಅಕ್ಷರ ಯಕಾರ, ವ್ಯಂಜನ. ಆದ್ದರಿಂದ ಎ. ಅವರ್ ಅಂತ ಬರೆದಳು. ಮೊದಲ ಅಕ್ಷರ ಅ, ಸ್ವರ. ಆದ್ದರಿಂದ ಆನ್. ಎಸ್ಸೆಸ್ಸಿ ಸ್ಟೂಡೆಂಟ್, ಆನ್. ಎಂಎಲ್‌ಎ, ಆನ್. ಯುರೋಪಿಯನ್, ಎ. ಒನ್ ರುಪೀ ಕಾಯಿನ್ ಅಂತ ಬರೆದು ಆನ್ ಹಾಕಿದಾಗ ತಡೆದೆ. "ಬಾಯಲ್ಲಿ ಹೇಳಿ ನೋಡು, ವ ಬರುತ್ತಲ್ಲ?" ವನ್ ಅಂತ ತಿದ್ದಿದಳು. ಎ. ಇಂಗ್ಲಿಷಿನ ಸ್ಪೆಲ್ಲಿಂಗ್ ಶಬ್ದವನ್ನು ಮುಚ್ಚಿಡುತ್ತದೆ, ಕನ್ನಡ ಅಕ್ಷರ ಅದನ್ನು ತೆರೆದು ತೋರಿಸುತ್ತದೆ. ನೋಟ್‌ಬುಕ್ಕಿನ ಒಂದು ಪುಟ ತುಂಬ ಅವಳು ಕನ್ನಡದಲ್ಲಿ ಇಂಗ್ಲಿಷ್ ಶಬ್ದ ಬರೆದಳು. ಅವಳು ಅಷ್ಟೊಂದು ಕನ್ನಡ ಅಕ್ಷರ ಒಟ್ಟಿಗೆ ಬರೆದದ್ದು ಅದೇ ಮೊದಲು.

ಆದರೆ "ದ" ಎಲ್ಲಿ ಬರಬೇಕು, ಎಲ್ಲಿ ಬೇಡ ಅನ್ನುವುದಕ್ಕೆ ನನ್ನ ಹತ್ತಿರ ಉಪಾಯ ಇರಲಿಲ್ಲ. ಅದಕ್ಕೆ ದಿನಾ ಇಂಗ್ಲಿಷ್ ದಿನಪತ್ರಿಕೆಯ ಒಂದು ಪ್ಯಾರಾ ಜೋರಾಗಿ ಓದು ಅಂದೆ. ಕೆಲವು ವಿಷಯ ಓದಿ ಓದಿಯೇ ಬರಬೇಕು.

ಇನ್ನು ಪದ್ಯದ ಮಾತು. ಪುಣೆಯ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯವರ ಹತ್ತನೇ ಕ್ಲಾಸಿನ ಇಂಗ್ಲಿಷ್ ಪುಸ್ತಕ ಕುಮಾರಭಾರತಿಯಲ್ಲಿ ಶೇಕ್ಸ್‌ಪಿಯರನ "ಆಲ್ ದ ವರ್ಲ್ಡ್ಸ್ ಎ ಸ್ಟೇಜ್" ಇದೆ. "ಆಸ್ ಯು ಲೈಕ್ ಇಟ್" ನಾಟಕದಲ್ಲಿ ಜೇಕ್ವಿಸ್ ಎಂಬ ಪಾತ್ರ ಆಡುವ ಮಾತು ಅದು. ಪರೀಕ್ಷೆಯಲ್ಲಿ ಒಂದು ಪದ್ಯದ ಅಪ್ರೀಸಿಯೇಶನ್ ಬರೆಯಬೇಕು, 5 ಅಂಕ. ಶೀರ್ಷಿಕೆ, ಕವಿ, ರೈಮ್ ಸ್ಕೀಮ್ (ಸಾಲಿನ ಕೊನೆಯ ಪ್ರಾಸದ ಕ್ರಮ), ಅಲಂಕಾರ, ಸಾರ. ಕ್ಲಾಸಿನವರು ಹಂಚಿದ ನೋಟ್ಸಿನಲ್ಲಿ ಈ ಪದ್ಯದ ರೈಮ್ ಸ್ಕೀಮ್ "ಎ ಎ ಬಿ ಬಿ" ಅಂತ ಇತ್ತು. ಅವಳು ಅದನ್ನೇ ಬರೆದು ಅಂಕ ಕಳೆದುಕೊಂಡಿದ್ದಳು. ನನಗೆ ನಿಜವಾಗಿ ಸಿಟ್ಟು ಬಂತು. ಪದ್ಯವನ್ನು ಒಂದು ಸಲ ಜೋರಾಗಿ ಓದಿದ್ದರೆ ಸಾಕಿತ್ತು. ಸಾಲುಗಳ ಕೊನೆಯಲ್ಲಿ ಎಲ್ಲೂ ಪ್ರಾಸ ಇಲ್ಲ. ದುಡ್ಡು ತೆಗೆದುಕೊಂಡು ಹೇಳಿಕೊಡುವವರು ಮಕ್ಕಳ ಕೈಗೆ ಕೊಡುವ ಹಾಳೆಯನ್ನು ಒಮ್ಮೆಯಾದರೂ ಓದಬೇಕು.

ಪ್ರಾಸವಿಲ್ಲದ ಪದ್ಯ ನನಗೆ ಹೊಸದಲ್ಲ. ಇಂಗ್ಲಿಷಿನಲ್ಲಿ ಇಂಥದ್ದಕ್ಕೆ ಬ್ಲ್ಯಾಂಕ್ ವರ್ಸ್ ಅನ್ನುತ್ತಾರೆ, ಅದು ನಮ್ಮ ಸರಳ ರಗಳೆಯ ಬಂಧು. ಲಲಿತ ರಗಳೆಯ ಐದು ಮಾತ್ರೆಯ ನಾಲ್ಕು ಗಣ ಇಟ್ಟುಕೊಂಡು ಪ್ರಾಸ ಬಿಟ್ಟರೆ ಸರಳ ರಗಳೆ. ಶಾಲೆಯಲ್ಲಿ ಮಾಡುತ್ತಿದ್ದ ಹಾಗೆ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದು ಮೇಲೆ ಗುರುತು ಹಾಕಿದೆ: "ಆಂಡ್ ಆಲ್ ದ ಮೆನ್ ಆಂಡ್ ವಿಮೆನ್ ಮಿಯರ್ಲಿ ಪ್ಲೇಯರ್ಸ್." ನಮ್ಮ ಲೆಕ್ಕ ಹಿಡಿದರೆ "ವಿ" ಲಘು. ಆದರೆ ಮಗಳು ಓದಿದಾಗ ಒತ್ತು ಸರಿಯಾಗಿ ಆ "ವಿ" ಮೇಲೇ ಬಿತ್ತು. ಇಂಗ್ಲಿಷಿನಲ್ಲಿ ಅಕ್ಷರ ಉದ್ದವೋ ಗಿಡ್ಡವೋ ಅನ್ನುವುದಕ್ಕಿಂತ ನಾಲಿಗೆ ಎಲ್ಲಿ ಒತ್ತುತ್ತದೆ ಅನ್ನುವುದು ಮುಖ್ಯ ಅಂತ ನನಗೆ ಅವತ್ತು ತಿಳಿಯಿತು. ಅವಳು ಮೇಜಿನ ಮೇಲೆ ಬೆರಳಿನಿಂದ ತಟ್ಟುತ್ತಾ ಓದಿದಳು. ಆಲ್, ಮೆನ್, ವಿ, ಮಿಯ, ಪ್ಲೇ. ಐದು ಪೆಟ್ಟು. ಮುಂದಿನ ಸಾಲು ಓದಿದಳು. ಅಲ್ಲೂ ಐದು.

ಅಲಂಕಾರಕ್ಕೆ ನಮ್ಮ ಹಳೆಯ ನಾಲ್ಕು ಮಾತು ತೆಗೆದೆ. ಉಪಮೇಯ, ಉಪಮಾನ, ಸಮಾನಧರ್ಮ, ಉಪಮಾವಾಚಕ. ಶಾಲೆಗೆ ಹೋಗಲು ಮನಸ್ಸಿಲ್ಲದ ಹುಡುಗ ಬಸವನಹುಳದ ಹಾಗೆ ತೆವಳುತ್ತಾನೆ ಅನ್ನುವ ಸಾಲಿದೆ. ಹುಡುಗ ಉಪಮೇಯ, ಬಸವನಹುಳು ಉಪಮಾನ, ತೆವಳುವುದು ಸಮಾನಧರ್ಮ, ಲೈಕ್ ಅನ್ನುವುದು ವಾಚಕ. ನಾಲ್ಕೂ ಸಿಕ್ಕಿತು, ಸಿಮಿಲಿ. ಜಗತ್ತೇ ರಂಗ ಅನ್ನುವಾಗ ವಾಚಕ ಇಲ್ಲ, ಎರಡೂ ಒಂದೇ ಅಂದುಬಿಟ್ಟಿದ್ದಾನೆ. ರೂಪಕ, ಮೆಟಫರ್. ಅವಳು ಥಟ್ಟನೆ, "ಅಮ್ಮ, ಇದು ನಮ್ಮ ಮರಾಠಿ ವ್ಯಾಕರಣದಲ್ಲೂ ಇದೆ! ಉಪಮಾ, ರೂಪಕ, ಹೆಸರೂ ಅದೇ" ಅಂದಳು. ಮರಾಠಿ ಪುಸ್ತಕ ತಂದು ತೋರಿಸಿದಳು. ಒಂದೇ ಪಾಠವನ್ನು ಅವಳು ಎರಡು ಪೀರಿಯಡ್‌ನಲ್ಲಿ ಎರಡು ಬೇರೆ ವಿಷಯ ಅಂತ ಓದುತ್ತಿದ್ದಳು.

ಸಾರ ಬರೆಯುವಾಗ ಕೂತು ಯೋಚಿಸಿದಳು. ಒಬ್ಬ ಮನುಷ್ಯ ತನ್ನ ಕಾಲದಲ್ಲಿ ಹಲವು ಪಾತ್ರ ಮಾಡುತ್ತಾನೆ, ಏಳು ಅವಸ್ಥೆ. ಕೂಸು, ಶಾಲೆಯ ಹುಡುಗ, ಪ್ರೇಮಿ, ಸೈನಿಕ, ನ್ಯಾಯಾಧೀಶ, ಬಡಕಲು ಮುದುಕ, ಕೊನೆಗೆ ಮತ್ತೆ ಮಗುವಿನ ಹಾಗೆ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳದವರು ಮುಂಬೈಗೆ ಬಂದಾಗ ನಾವು ಆಟ ನೋಡಲು ಹೋಗುತ್ತೇವೆ. ಅದನ್ನು ನೆನಪಿಸಿದೆ. ಮೇಳಕ್ಕೆ ಸೇರಿದ ಹುಡುಗ ಕೋಡಂಗಿಯಿಂದ ಶುರು ಮಾಡುತ್ತಾನೆ. ಆಮೇಲೆ ಬಾಲಗೋಪಾಲ, ಸ್ತ್ರೀವೇಷ, ಪುರುಷವೇಷ ಅಂತ ವರ್ಷ ವರ್ಷ ಮೇಲೆ ಬರುತ್ತಾನೆ. ಒಂದು ದಿನ ಕಾಲು ಸೋತು, ಬಣ್ಣ ಹಚ್ಚುವ ಚೌಕಿಯಲ್ಲೇ ಕೂರುತ್ತಾನೆ. ನನ್ನ ದೊಡ್ಡಪ್ಪ ಹಾಗೆ ಕೂತವರು. ಅವಳು ಅವರನ್ನು ನೋಡಿದ್ದಾಳೆ. ಕೊನೆಗೆ ಹಲ್ಲಿಲ್ಲ, ಕಣ್ಣಿಲ್ಲ, ರುಚಿಯಿಲ್ಲ, ಏನೂ ಇಲ್ಲ ಅನ್ನುವ ಸಾಲು ಓದುವಾಗ ಅವಳ ದನಿ ಇಳಿಯಿತು. "ಅಜ್ಜನಿಗೆ ಊಟದ ರುಚಿ ಗೊತ್ತಾಗ್ತಿರಲಿಲ್ಲ ಅಲ್ವಾ ಅಮ್ಮ?" ಅಂದಳು. ಅವತ್ತು ಅವಳು ಬರೆದ ಸಾರ ನೋಟ್ಸಿನಲ್ಲಿ ಇರಲಿಲ್ಲ. ಇಂಗ್ಲಿಷಿನಲ್ಲಿ ಎರಡು ಸಣ್ಣ ತಪ್ಪು ಇತ್ತು. ತಿದ್ದಿದೆ, ಉಳಿದದ್ದನ್ನು ಮುಟ್ಟಲಿಲ್ಲ.

ಜನವರಿಯ ಪ್ರಿಲಿಮ್ಸ್‌ನಲ್ಲಿ ವ್ಯಾಕರಣಕ್ಕೆ 10ರಲ್ಲಿ 8, ಪದ್ಯಕ್ಕೂ 8. ಬೋರ್ಡ್ ಪರೀಕ್ಷೆಯಲ್ಲಿ ಬರವಣಿಗೆ 80, ಶಾಲೆಯಲ್ಲಿ ಕೊಡುವ 20, ಎಲ್ಲ ಸೇರಿ ಇಂಗ್ಲಿಷಿಗೆ 84 ಬಂತು. ಈಗ ಹನ್ನೊಂದನೇ ಕ್ಲಾಸಿಗೆ ಕಾಮರ್ಸ್ ತಗೊಂಡಿದ್ದಾಳೆ.

ಜೂನ್ ಮಳೆಗೆ ನಮ್ಮ ಹಾಲಿನ ಮೂಲೆಯಲ್ಲಿ ಟೆರೇಸಿನ ನೀರು ಇಳಿಯಲು ಶುರುವಾಯಿತು. ಸೊಸೈಟಿಯ ಸೆಕ್ರೆಟರಿಗೆ ಅರ್ಜಿ ಕೊಡಬೇಕಿತ್ತು. ಯಾವಾಗಲೂ ಇವರೇ ಬರೆಯುವುದು. ಈ ಸಲ ನಾನೇ ಇಂಗ್ಲಿಷಿನಲ್ಲಿ ಬರೆದೆ, ಅವಳ ಅದೇ ನೋಟ್‌ಬುಕ್ಕಿನ ಖಾಲಿ ಪುಟದಲ್ಲಿ. ಕಾಲೇಜಿಂದ ಬಂದವಳಿಗೆ ಓದಲು ಕೊಟ್ಟೆ. "ವಿ ಹ್ಯಾವ್ ಇನ್ಫಾರ್ಮ್ಡ್ ದ ವಾಚ್‌ಮನ್ ಯೆಸ್ಟರ್‌ಡೇ" ಅಂತ ಬರೆದಿದ್ದೆ. ಕನ್ನಡದಲ್ಲಿ "ನಿನ್ನೆ ತಿಳಿಸಿದ್ದೇವೆ" ಅನ್ನಬಹುದು. ಇಂಗ್ಲಿಷಿನಲ್ಲಿ ದಿನ ಹೇಳಿದ ಮೇಲೆ ಹ್ಯಾವ್ ನಿಲ್ಲುವುದಿಲ್ಲ. ಡಿಸೆಂಬರ್‌ನಲ್ಲಿ ನಾನೇ ಅವಳಿಗೆ ಹೇಳಿಕೊಟ್ಟದ್ದು.

ಅವಳು ಪೆನ್ಸಿಲ್ ತಗೊಂಡು ಆ ಎರಡು ಶಬ್ದಕ್ಕೂ ಮೆಲ್ಲಗೆ ಸುತ್ತು ಹಾಕಿದಳು. "ಅಮ್ಮ, ಹ್ಯಾವ್ ಬೇಕಾ, ಯೆಸ್ಟರ್‌ಡೇ ಬೇಕಾ? ಒಂದು ಹೇಳು" ಅಂದಳು.

ಸೆಕ್ರೆಟರಿಗೆ ದಿನ ಗೊತ್ತಾಗಬೇಕಿತ್ತು. ಯೆಸ್ಟರ್‌ಡೇ ಇರಲಿ ಅಂದೆ.